ಮನೆ-ತೋಟದಲ್ಲಿ ಹಾವಿನ ಜೊತೆ ಇರುವುದು: ಮಳೆಗಾಲಕ್ಕೆ ಮುಂಚೆ ಯಾವ ಕೆಲಸ, ಯಾವ ಕ್ರಮದಲ್ಲಿ

ಪ್ರತಿ ವರ್ಷ ಜೂನ್ ಮೊದಲ ವಾರ ಕಳೆಯುವುದರೊಳಗೆ ಶಿರಸಿ ಕಡೆಯ ನಮ್ಮ ಅತ್ತೆಯ ಫೋನ್ ಬರುತ್ತದೆ. ‘ಮತ್ತೊಂದು ಬಂಜಲೋ ತಮಾ!’ ಬಂದದ್ದು ನೆಂಟರಲ್ಲ, ಹಾವು. ಹಿಂದಿನ ತಿಂಗಳಷ್ಟೇ ಒಂದನ್ನು ಹಿಡಿಸಿ ಕಾಡಿಗೆ ಬಿಡಿಸಿದ್ದರು. ಸಿದ್ದಾಪುರದಿಂದ ಅಂಕೋಲಾದವರೆಗೆ ಕೇಳುವವರೆಲ್ಲರ ಕಥೆಯೂ ಇದೇ. ಹಿಡಿಸಿದ್ದಾಯ್ತು, ಫಿನಾಯಿಲ್ ಚೆಲ್ಲಿದ್ದಾಯ್ತು, ಬೆಳ್ಳುಳ್ಳಿ ಜಜ್ಜಿ ಮೂಲೆಗೆ ಇಟ್ಟದ್ದೂ ಆಯ್ತು. ಆದರೂ ಯಾಕೆ ಬರುತ್ತದೆ?

ಕೆಲಸದ ಕ್ರಮ ತಪ್ಪಿರುತ್ತದೆ, ಅದಕ್ಕೆ. ಹಾವು ಹಿಡಿಸುವುದು ಕೆಳಗಿನ ಪಟ್ಟಿಯಲ್ಲಿ ಆರನೆಯದು. ಮೊದಲನೆಯದು ಇಲಿ. ಇಲಿ ಇರುವವರೆಗೆ ಒಂದು ಹಾವು ಹೋದರೆ ಇನ್ನೊಂದಕ್ಕೆ ಜಾಗ ಖಾಲಿಯಾಯಿತು, ಅಷ್ಟೇ. ಫಿನಾಯಿಲ್, ಬ್ಲೀಚಿಂಗ್ ಪುಡಿ, ಬೆಳ್ಳುಳ್ಳಿ ಯಾವುದನ್ನೂ ನಂಬಿ ಕೂರಬೇಡಿ. ಫಿನಾಯಿಲ್ ಮೈಮೇಲೆ ಬಿದ್ದ ಹಾವು ಚರ್ಮ ಸುಟ್ಟು, ಕಂಗಾಲಾಗಿ, ಸಿಕ್ಕ ಸಂದಿಗೆ ನುಗ್ಗುತ್ತದೆ. ಆ ಸಂದು ನಿಮ್ಮ ಅಡುಗೆಮನೆಯದೇ ಆಗಬಹುದು.

ಶಿವರಾತ್ರಿ ಕಳೆದ ಮೇಲೆ ಶುರು ಮಾಡಿ, ಮೇ 20ರೊಳಗೆ ಮುಗಿಸಿ. ಅಡಿಕೆ ಕೊಯ್ಲಿನ ಗಡಿಬಿಡಿಯೂ ಅಷ್ಟೊತ್ತಿಗೆ ಮುಗಿದಿರುತ್ತದೆ. ಮಳೆ ಹಿಡಿದ ಮೇಲೆ ಶುರು ಮಾಡಿದರೆ ಬಿಲದಲ್ಲಿ ನೀರು ತುಂಬಿ ಹಾವು ಆಗಲೇ ಮೇಲೆ ಬಂದಿರುತ್ತದೆ.

## ಮೊದಲು ಸಾಮಾನು ಜೋಡಿಸಿಕೊಳ್ಳಿ

ಗಮ್‌ಬೂಟು, ದಪ್ಪ ಕೈಗವಸು, ಉದ್ದ ಹಿಡಿಕೆಯ ಕುಂಟೆ ಅಥವಾ ಕೊಕ್ಕೆ, ಒಳ್ಳೆಯ ಟಾರ್ಚ್ ಎರಡು. ಒಂದು ತಲೆಗೆ ಕಟ್ಟುವಂಥದ್ದಾದರೆ ಕೈ ಎರಡೂ ಖಾಲಿ ಇರುತ್ತವೆ. 6 ಮಿಲಿಮೀಟರ್ ಕಣ್ಣಿನ ಕಬ್ಬಿಣದ ಜಾಲರಿ, ಅರ್ಧ ಚೀಲ ಸಿಮೆಂಟ್, ಬಾಗಿಲ ಅಡಿಗೆ ಹಾಕುವ ರಬ್ಬರ್ ಪಟ್ಟಿ, ಮುಚ್ಚಳ ಬಿಗಿಯಾಗಿ ಕೂರುವ ತಗಡಿನ ಡ್ರಮ್ಮು, ಇಲಿ ಬೋನು. ಬಚ್ಚಲ ಒಲೆಯ ಬೂದಿ ಒಂದು ಬುಟ್ಟಿ. ಇದು ಯಾಕೆ ಅಂತ ಮೂರನೇ ಹಂತದಲ್ಲಿ ಹೇಳುತ್ತೇನೆ.

ಹಾವು ಹಿಡಿಯುವ ಇಕ್ಕಳ, ಕೊಕ್ಕೆಕೋಲು ಖರೀದಿಸಬೇಡಿ. ಕೈಯಲ್ಲಿ ಇದ್ದರೆ ಬಳಸುವ ಆಸೆ ಬರುತ್ತದೆ.

## ಹಂತ 1: ಇಲಿಯ ಊಟ ನಿಲ್ಲಿಸಿ

ಒಂದು ಸಂಜೆ ಟಾರ್ಚ್ ಹಿಡಿದು ಅಟ್ಟ, ಕೊಟ್ಟಿಗೆ, ಉಗ್ರಾಣ, ಕೋಳಿಗೂಡು ಸುತ್ತಿ. ಇಲಿಯ ಹಿಕ್ಕೆ, ಕಡಿದ ಚೀಲ, ಗೋಡೆ ಬುಡದಲ್ಲಿ ಓಡಾಡಿ ನುಣುಪಾದ ಜಾಡು ಎಲ್ಲೆಲ್ಲಿವೆ ಅಂತ ಗುರುತು ಮಾಡಿಕೊಳ್ಳಿ. ಹಾವು ಬರುವ ದಾರಿಯೂ ಬಹುಮಟ್ಟಿಗೆ ಅದೇ.

ಭತ್ತ, ಅಕ್ಕಿ, ದನದ ಹಿಂಡಿ, ಕೋಳಿ ಕಾಳು, ಕೊಬ್ಬರಿ ಎಲ್ಲ ತಗಡಿನ ಡ್ರಮ್ಮಿಗೆ ಹೋಗಲಿ. ಪ್ಲಾಸ್ಟಿಕ್ ಡ್ರಮ್ಮನ್ನು ಇಲಿ ಕೊರೆಯುತ್ತದೆ. ನಾಯಿಗೆ ಹಾಕಿದ ಅನ್ನ ರಾತ್ರಿಯಿಡೀ ತಟ್ಟೆಯಲ್ಲಿ ಉಳಿಯಬಾರದು. ಅಕ್ಕಚ್ಚಿನ ಬಕೆಟ್ಟಿಗೆ ಮುಚ್ಚಳ ಬೇಕು.

ನಮ್ಮ ಕಡೆ ಜಾಸ್ತಿ ತಪ್ಪುವುದು ಹಲಸಿನ ಕಾಲದಲ್ಲಿ. ಮೇ ತಿಂಗಳಲ್ಲಿ ಮನೆ ತುಂಬ ಜನ ಕೂತು ಹಪ್ಪಳ ಮಾಡುತ್ತಾರೆ. ಸಿಪ್ಪೆ, ಗೂಂಜು ಎಲ್ಲ ಅಡುಗೆಮನೆ ಹಿಂದಿನ ಮೂಲೆಗೆ ಹೋಗಿ ಬೀಳುತ್ತದೆ. ಮಳೆಗೆ ಹದಿನೈದು ದಿನ ಮುಂಚೆ, ಮನೆಗೆ ತಾಗಿಕೊಂಡೇ, ಇಲಿಗಳಿಗೆ ಮದುವೆ ಊಟ! ಅದನ್ನು ಆವತ್ತೇ ದನಕ್ಕೆ ಹಾಕಿ, ಉಳಿದದ್ದನ್ನು ದೂರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಇಲ್ಲದಿದ್ದರೆ ಇಲಿಯ ಜೊತೆ ಕಾಡುಹಂದಿಯೂ ಬರುತ್ತದೆ.

ಇಲಿ ಪಾಷಾಣ ಬೇಡ. ವಿಷ ತಿಂದ ಇಲಿಯನ್ನು ಗೂಬೆ, ಬೆಕ್ಕು, ಕೇರೆ ಹಾವು ತಿಂದು ಸಾಯುತ್ತವೆ. ನಿಮ್ಮ ಪರವಾಗಿ ಇಲಿ ಹಿಡಿಯುತ್ತಿದ್ದವರನ್ನೇ ಕೊಂದ ಹಾಗಾಯಿತು. ಅಂಟು ಹಲಗೆಯೂ ಬೇಡ. ಅದಕ್ಕೆ ಇಲಿ ಅಂಟಿದರೆ, ಇಲಿಯ ಆಸೆಗೆ ಬಂದ ಹಾವೂ ಅಂಟುತ್ತದೆ. ಬೋನು ಸಾಕು. ಜಾಡಿನ ಮೇಲೆ, ಗೋಡೆಗೆ ತಾಗಿಸಿ ಇಡಿ.

## ಹಂತ 2: ಅಡಗುವ ಜಾಗವನ್ನು ಮನೆಯಿಂದ ದೂರ ಸರಿಸಿ

ಅಂಗಳದ ಅಂಚಿನಲ್ಲಿ ಏನೇನು ಬಿದ್ದಿದೆ ನೋಡಿ. ಒಡೆದ ಹಂಚು, ಹಳೇ ಚಿರೇಕಲ್ಲು, ಸೋಗೆ, ಅಡಿಕೆ ಹಾಳೆ, ತೆಂಗಿನ ಸಿಪ್ಪೆ, ಕೊಟ್ಟಿಗೆಗೆ ತಂದ ದರಕು, ಅಂದರೆ ಒಣ ಎಲೆ. ಒಂದೊಂದೂ ಹಾವಿಗೆ ಒಂದೊಂದು ಕೋಣೆ. ತೋಟದ ಕೆಳಗಡೆ ಇವು ಇದ್ದರೆ ತೊಂದರೆಯಿಲ್ಲ. ಮನೆ ಗೋಡೆಯಿಂದ ಹದಿನೈದು ಇಪ್ಪತ್ತು ಅಡಿಯಾದರೂ ಆಚೆ ಇರಲಿ.

ತೆಗೆಯುವಾಗ ಹಗಲಿನಲ್ಲಿ ತೆಗೆಯಿರಿ. ಮನೆ ಬಾಗಿಲು ಹಾಕಿಕೊಳ್ಳಿ. ಮನೆಯ ಕಡೆಯಿಂದ ಶುರು ಮಾಡಿ ಬೆಟ್ಟದ ಕಡೆಗೆ ಹೋಗಿ. ಒಳಗಿದ್ದ ಹಾವು ಹೊರಟರೆ ಬೆಟ್ಟದ ಕಡೆಗೇ ಹೋಗಬೇಕು. ಹೊರಗಿನಿಂದ ಶುರು ಮಾಡಿದವರು ಅದನ್ನು ಮನೆಯೊಳಗೆ ಅಟ್ಟುತ್ತಾರೆ. ಕುಂಟೆಯಿಂದ ಎಳೆದು ಹರಡಿ, ನೋಡಿ, ಆಮೇಲೆ ಮುಟ್ಟಿ. ಕೈ ಯಾವತ್ತೂ ಕಣ್ಣಿಗಿಂತ ಮುಂದೆ ಹೋಗಬಾರದು.

ಮಳೆಗಾಲದ ಕಟ್ಟಿಗೆಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಕಟ್ಟಿಗೆಯನ್ನು ನೆಲದ ಮೇಲೆ ಒಟ್ಟಬೇಡಿ. ಚಿರೇಕಲ್ಲು ಇಟ್ಟು, ಅದರ ಮೇಲೆ ಅಡಿಕೆ ಮರದ ದಬ್ಬೆ ಹಾಸಿ, ನೆಲದಿಂದ ಒಂದಡಿ ಎತ್ತರಕ್ಕೆ ಒಟ್ಟಿ. ಗೋಡೆಗೆ ಒಂದು ಗೇಣು ಬಿಡಿ. ಅಡಿಯಲ್ಲಿ ಟಾರ್ಚ್ ಹಾಯಿಸಿದರೆ ಆಚೆ ಕಡೆ ಕಾಣಬೇಕು. ನಾನು ಒಮ್ಮೆ ಬುಡದ ಕಟ್ಟಿಗೆ ಎಳೆಯಲು ಕೈ ಚಾಚಿದ್ದೆ. ಒಂದು ಒಣ ಎಲೆ ಸ್ವಲ್ಪ ದಪ್ಪಗಿದೆಯಲ್ಲ ಅನಿಸಿತು. ಬಗ್ಗಿ ನೋಡಿದರೆ ಆ ಎಲೆಗೆ ಮೂಗು ಇತ್ತು, ಮೇಲಕ್ಕೆ ಮೊನಚಾಗಿ. ಗೂನು ಮೂಗಿನ ಕುಳಿಮಂಡಲ, ವಿಷದ ಹಾವು. ಒಂದಡಿ ಉದ್ದವಿರಬಹುದು. ಅಲ್ಲಾಡಲಿಲ್ಲ, ಬುಸುಗುಟ್ಟಲಿಲ್ಲ, ಸುಮ್ನೆ ಸುರುಳಿ ಸುತ್ತಿಕೊಂಡು ಕೂತಿತ್ತು. ಈ ಹಾವಿನ ಕಷ್ಟವೇ ಅದು. ಓಡುವುದಿಲ್ಲ, ದರಕಿನ ಬಣ್ಣದಲ್ಲೇ ಕರಗಿಹೋಗುತ್ತದೆ.

ಗೊಬ್ಬರಗುಂಡಿ ಬೆಚ್ಚಗಿರುವುದರಿಂದ ಹಾವು ಮೊಟ್ಟೆ ಇಡಲು ಅಲ್ಲಿಗೆ ಬರುತ್ತದೆ. ಬೆಳ್ಳಗೆ, ತೊಗಲಿನಂಥ ಸಿಪ್ಪೆಯ ಮೊಟ್ಟೆ ಕಂಡರೆ ಒಡೆಯಬೇಡಿ. ಅರಣ್ಯ ಇಲಾಖೆಗೆ ತಿಳಿಸಿ. ತೋಟಕ್ಕೆ ಸೊಪ್ಪು, ದರಕು ತರುವ ಸೊಪ್ಪಿನ ಬೆಟ್ಟದಲ್ಲಿ ಯಾರೋ ಗುಡಿಸಿಟ್ಟ ಹಾಗೆ ಒಣ ಎಲೆಯ ಗುಡ್ಡೆ ಕಂಡರೆ ಇನ್ನೂ ಹುಷಾರು. ಕಾಳಿಂಗ ಸರ್ಪ ಎಲೆ ಒಟ್ಟುಮಾಡಿ ಗೂಡು ಕಟ್ಟುತ್ತದೆ, ಹೆಣ್ಣು ಅದನ್ನು ಕಾಯುತ್ತಾ ಕೂರುತ್ತದೆ. ಆ ವರ್ಷ ಆ ಜಾಗದ ದರಕು ಬಿಟ್ಟುಬಿಡಿ.

ಕರಾವಳಿಯವರಿಗೆ ಇನ್ನೊಂದು. ಹಳೇ ಮೀನುಬಲೆಯನ್ನು ತರಕಾರಿ ಮಡಿಗೆ ಬೇಲಿ ಮಾಡುವವರು ಜಾಸ್ತಿ. ಹಾವು ಅದರಲ್ಲಿ ತಲೆ ತೂರಿಸಿದರೆ ಹಿಂದೆ ಬರಲಾಗುವುದಿಲ್ಲ. ಹುರುಪೆಗಳ ಸಂದಿಗೆ ದಾರ ಕಚ್ಚಿಕೊಂಡು ಬಿಸಿಲಲ್ಲಿ ಒಣಗಿ ಸಾಯುತ್ತದೆ. ಬಲೆ ಹಾಕಲೇಬೇಕಿದ್ದರೆ ಕೆಳಗಿನ ಒಂದಡಿಗೆ ಗಟ್ಟಿ ಜಾಲರಿ ಹಾಕಿ, ಬಲೆ ಅದರ ಮೇಲೆ ಬರಲಿ. ಸಿಕ್ಕಿಕೊಂಡ ಹಾವು ಕಂಡರೆ ಎಳೆಯಬೇಡಿ. ದೂರದಿಂದ ಕೋಲಿನಲ್ಲಿ ಒದ್ದೆ ಗೋಣಿಚೀಲ ಹೊದಿಸಿ ನೆರಳು ಮಾಡಿ, ಬಿಡಿಸುವವರನ್ನು ಕರೆಯಿರಿ.

## ಹಂತ 3: ಬೂದಿ ಹಾಕಿ ನೋಡಿ, ಆಮೇಲೆ ಬಿಲ ಮುಚ್ಚಿ

ಇಲ್ಲಿ ನಾನೇ ಎಡವಿದ್ದೇನೆ. ಒಂದು ಮೇ ತಿಂಗಳ ಸಂಜೆ ಬಚ್ಚಲಮನೆ ಗೋಡೆಯ ಬಿಲಕ್ಕೆ ಹೊರಗಿನಿಂದ ಸಿಮೆಂಟ್ ಮೆತ್ತಿ, ಕೆಲಸ ಆಯ್ತು ಅಂತ ಕೈ ತೊಳೆದುಕೊಂಡೆ. ಮರುದಿನ ಬೆಳಿಗ್ಗೆ ಆಯಿ ಒಲೆಗೆ ಬೆಂಕಿ ಹಾಕಲು ಹೋದರೆ ಹಂಡೆಯ ಹಿಂದಿನಿಂದ ಬುಸ್ ಅಂತ ಶಬ್ದ. ಆರಡಿಯ ಕೇರೆ ಹಾವು. ಹೊರಗಿನ ಬಾಗಿಲು ನಾನು ಮುಚ್ಚಿದ್ದೆ, ಅದು ಒಳಗಿನ ಬಾಗಿಲು ಹುಡುಕಿಕೊಂಡಿತ್ತು.

ಹಾಗಾಗಿ ಬೂದಿ. ಸಂಜೆ ಬಿಲದ ಬಾಯಿಗೆ ಜರಡಿ ಹಿಡಿದ ಬೂದಿಯನ್ನು ತೆಳ್ಳಗೆ ಹರಡಿ. ಬೆಳಿಗ್ಗೆ ನೋಡಿ. ಸಣ್ಣ ಹೆಜ್ಜೆಗಳಿದ್ದರೆ ಇಲಿ. ಹಗ್ಗ ಎಳೆದ ಹಾಗೆ ಜಾಡು ಇದ್ದರೆ ಹಾವು. ಮೂರು ರಾತ್ರಿ ಬೂದಿ ಹಾಗೇ ಉಳಿದರೆ ಮುಚ್ಚಬಹುದು. ಜಾಡು ಇದ್ದರೆ ಕಾಯಿರಿ. ಮಳೆ ಬಿದ್ದ ಮೇಲೆ ಹೊರಗಡೆ ಈ ಉಪಾಯ ನಡೆಯುವುದಿಲ್ಲ, ಬೇಸಿಗೆಯಲ್ಲೇ ಮಾಡಿ ಅನ್ನುವುದಕ್ಕೆ ಅದೂ ಒಂದು ಕಾರಣ.

ಮುಚ್ಚಬೇಕಾದ ಜಾಗಗಳು: ಬಚ್ಚಲಿನ ನೀರು ಹೋಗುವ ಕೊಳವೆ, ಇದಕ್ಕೆ ಜಾಲರಿ. ಬಾಗಿಲ ಅಡಿಯ ಸಂದು, ಇದಕ್ಕೆ ರಬ್ಬರ್ ಪಟ್ಟಿ. ಶೌಚಾಲಯದ ಗಾಳಿ ಕೊಳವೆಯ ತುದಿ. ಚಿರೇಕಲ್ಲಿನ ಗೋಡೆಯಲ್ಲಿ ಗಾರೆ ಉದುರಿದ ಸಂದುಗಳು. ಗೋಡೆಗೂ ಹಂಚಿನ ಮಾಡಿಗೂ ನಡುವಿನ ಖಾಲಿ ಜಾಗ. ಕಿರುಬೆರಳು ಹೋಗುವ ಸಂದಿನಲ್ಲಿ ಮರಿ ಹಾವು ಹೋಗುತ್ತದೆ. ಮಾಡಿಗೆ ತಾಗಿದ ಕೊಂಬೆ, ಬಳ್ಳಿ ಕಡಿಯಿರಿ. ಹಲ್ಲಿ ಹುಡುಕಿ ಮಾಡು ಹತ್ತುವ ಹಾವುಗಳಿಗೆ ಅದೇ ಏಣಿ.

ತೋಟದ ಸುತ್ತಿನ ಕಲ್ಲಿನ ಗೋಡೆಗೆ, ಅಂದರೆ ಪಾಗಾರಕ್ಕೆ, ಸಿಮೆಂಟ್ ಬಳಿಯಬೇಕಾ ಅಂತ ಕೇಳುತ್ತಾರೆ. ಬೇಡ. ತೋಟದ ಪಾಗಾರದಲ್ಲಿ ಹಾವು ಇದ್ದರೆ ಇರಲಿ, ಎಲ್ಲೋ ಒಂದು ಕಡೆ ಇರಬೇಕಲ್ಲ. ನಮ್ಮ ಕೆಲಸ ಮನೆಯೊಳಗೆ ಬಾರದ ಹಾಗೆ ನೋಡಿಕೊಳ್ಳುವುದು.

## ಹಂತ 4: ರಾತ್ರಿಯ ರೂಢಿ ಬದಲಿಸಿ

ಅಂಗಳದ ಬೆಳ್ಳಗಿನ ದೀಪಕ್ಕೆ ಹುಳ, ಹುಳಕ್ಕೆ ಕಪ್ಪೆ, ಕಪ್ಪೆಗೆ ಹಾವು. ಬೇಕಾದಾಗ ಮಾತ್ರ ಹಾಕಿ. ಹಳದಿ ಬೆಳಕಿನ ಬಲ್ಬಿಗೆ ಹುಳ ಕಡಿಮೆ ಬರುತ್ತದೆ.

ನೆಲದ ಮೇಲೆ ಮಲಗಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಕಟ್ಟುಹಾವು ರಾತ್ರಿ ಓಡಾಡುವ ವಿಷದ ಹಾವು, ನೆಲದಲ್ಲಿ ಮಲಗಿದವರನ್ನೇ ಹೆಚ್ಚಾಗಿ ಕಚ್ಚುವುದು. ಇದರ ಕಡಿತ ನೋಯುವುದೇ ಇಲ್ಲ ಅನ್ನುವಷ್ಟು ಕಡಿಮೆ, ಗುರುತೂ ಕಾಣದೆ ಇರಬಹುದು. ಮಂಚ ಇರಲಿ, ಸೊಳ್ಳೆ ಪರದೆ ಇರಲಿ, ಪರದೆಯ ಅಂಚು ಹಾಸಿಗೆಯ ಅಡಿಗೆ ಸಿಕ್ಕಿಸಿರಲಿ. ಮಂಚ ಇಲ್ಲದಿದ್ದರೆ ಚಾಪೆಯ ಅಡಿಗೆ ಸಿಕ್ಕಿಸಿದ ಪರದೆಯೂ ಒಳ್ಳೆಯ ತಡೆ.

ಕೊಟ್ಟಿಗೆಗೆ ಹತ್ತೇ ಹೆಜ್ಜೆ ಅಲ್ವಾ ಅಂತ ಟಾರ್ಚ್ ಬಿಟ್ಟು ಹೋಗಬೇಡಿ. ಚಪ್ಪಲಿ, ಬೂಟು, ಹೆಲ್ಮೆಟ್ ಕೊಡವಿ ಹಾಕಿಕೊಳ್ಳಿ. ಕೋಳಿಗೂಡಿನ ಬಾಗಿಲು ಕತ್ತಲಾಗುವ ಮೊದಲೇ ಹಾಕಿ.

## ಹಂತ 5: ನಾಲ್ಕೈದು ಹಾವುಗಳ ಗುರುತು ಕಲಿಯಿರಿ

ಎಲ್ಲ ಹಾವು ಕಲಿಯಬೇಕಿಲ್ಲ. ಮನೆ ಮಂದಿ ಗೊಂದಲ ಮಾಡಿಕೊಳ್ಳುವ ಜೋಡಿಗಳನ್ನು ಕಲಿತರೆ ಸಾಕು. ದೂರದಿಂದ, ಫೋಟೋ ಹಿಗ್ಗಿಸಿ ನೋಡಿ.

ಕೇರೆ ಮತ್ತು ನಾಗರ: ಕೇರೆಗೆ ದೊಡ್ಡ ಕಣ್ಣು, ಹೆಡೆ ಇಲ್ಲ, ಕಂಡ ಕೂಡಲೇ ಓಟ. ಆದರೆ ಹೆಡೆ ಎತ್ತದೆ ಹರಿಯುತ್ತಿರುವ ನಾಗರವೂ ಹೀಗೇ ಕಾಣಬಹುದು.

ಕಟ್ಟುಹಾವು ಮತ್ತು ತೋಳ ಹಾವು: ಕೆಲವರು ಕಟ್ಟುಹಾವಿಗೆ ಕಡಂಬಳ ಅನ್ನುತ್ತಾರೆ. ಹೊಳೆಯುವ ಕಪ್ಪು ಮೈ, ತೆಳ್ಳಗಿನ ಬಿಳಿ ಪಟ್ಟೆ. ಪಟ್ಟೆಗಳು ಕತ್ತಿನಿಂದ ಸ್ವಲ್ಪ ಹಿಂದೆ ಶುರುವಾಗಿ ಬಾಲದ ಕಡೆ ಸ್ಪಷ್ಟವಾಗುತ್ತವೆ. ವಿಷವಿಲ್ಲದ ತೋಳ ಹಾವಿನಲ್ಲಿ ಕತ್ತಿನಿಂದಲೇ ಶುರುವಾಗಿ ಬಾಲದ ಕಡೆ ಮಾಸುತ್ತವೆ. ಅನುಮಾನ ಬಂದರೆ ಕಟ್ಟುಹಾವು ಎಂದೇ ತಿಳಿಯಿರಿ.

ಕೊಳಕುಮಂಡಲ ಮತ್ತು ಹೆಬ್ಬಾವಿನ ಮರಿ: ಮಂಡಲದ ಬೆನ್ನ ಮೇಲೆ ಸರಪಳಿಯಂತೆ ಸಾಲಾಗಿ ದುಂಡು ಮಚ್ಚೆ, ಕುಕ್ಕರ್ ಕೂಗುವಂಥ ಬುಸುಗುಡುವಿಕೆ. ಹೆಬ್ಬಾವಿನ ಮಚ್ಚೆಗೆ ಆಕಾರವೇ ಇಲ್ಲ. ಹೆಬ್ಬಾವಿನ ಮರಿ ಅಂತ ಕೈಯಲ್ಲಿ ಎತ್ತಿ ಕಚ್ಚಿಸಿಕೊಂಡವರಿದ್ದಾರೆ.

ಕಾಳಿಂಗಕ್ಕೆ ಜೋಡಿ ಬೇಕಿಲ್ಲ, ಉದ್ದವೇ ಗುರುತು. 2024ರಲ್ಲಿ ವಿಜ್ಞಾನಿಗಳು ನಮ್ಮ ಪಶ್ಚಿಮಘಟ್ಟದ ಕಾಳಿಂಗವನ್ನು ಬೇರೆಯೇ ಜಾತಿ ಎಂದು ಗುರುತಿಸಿ, ವೈಜ್ಞಾನಿಕ ಹೆಸರಿನಲ್ಲೂ ‘ಕಾಳಿಂಗ’ ಅಂತಲೇ ಇಟ್ಟರು. ಅದರ ಮುಖ್ಯ ಊಟ ಬೇರೆ ಹಾವುಗಳು. ಅಂಗಳಕ್ಕೆ ಬಂದರೆ ಬಹುಮಟ್ಟಿಗೆ ಕೇರೆಯ ಹಿಂದೆ ಬಂದಿರುತ್ತದೆ. ಬಿಟ್ಟರೆ ಹೋಗುತ್ತದೆ.

## ಹಂತ 6: ಹಾವು ಕಂಡಾಗ

ಮೊದಲ ಪ್ರಶ್ನೆ, ಒಳಗಾ ಹೊರಗಾ? ತೋಟದಲ್ಲಿ, ಅಂಗಳದ ಆಚೆ ಇದ್ದರೆ ಏನೂ ಮಾಡಬೇಕಿಲ್ಲ. ಮಕ್ಕಳನ್ನು, ನಾಯಿಯನ್ನು ಒಳಗೆ ಕರೆದುಕೊಂಡು ಅದಕ್ಕೆ ದಾರಿ ಬಿಡಿ. ಹಿಡಿಸಿ ದೂರ ಬಿಡಿಸಿದರೆ ಅದು ಗುರುತಿಲ್ಲದ ಜಾಗದಲ್ಲಿ ಅಲೆಯುತ್ತದೆ, ಇನ್ನೊಬ್ಬರ ಅಂಗಳಕ್ಕೆ ಹೋಗುತ್ತದೆ.

ಮನೆಯೊಳಗೆ ಇದ್ದರೆ ಹೀಗೆ ಮಾಡಿ.

1. ಎಲ್ಲರೂ ಆ ಕೋಣೆಯಿಂದ ಹೊರಗೆ. ಒಬ್ಬರು ಮಾತ್ರ ಹತ್ತಡಿ ದೂರದಿಂದ ಕಣ್ಣಿಟ್ಟಿರಲಿ. ಕಣ್ತಪ್ಪಿದರೆ ಹುಡುಕುವುದೇ ದೊಡ್ಡ ಕೆಲಸ.

2. ಒಳಬಾಗಿಲು ಮುಚ್ಚಿ, ಅಡಿಯ ಸಂದಿಗೆ ಟವೆಲ್ ತುರುಕಿ. ಹೊರಬಾಗಿಲು ತೆರೆದಿಡಿ.

3. ಝೂಮ್ ಮಾಡಿ ಒಂದು ಫೋಟೋ. ಒಂದೇ ಸಾಕು.

4. ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ ಹತ್ತಿರದ ವಲಯ ಅರಣ್ಯ ಕಚೇರಿಗೆ ಫೋನ್ ಮಾಡಿ. ಕಚೇರಿಯ ನಂಬರು ಮೊದಲೇ ಗೋಡೆಯ ಮೇಲೆ ಬರೆದಿರಲಿ.

5. ಅವರು ಬರುವವರೆಗೆ ನೀರು ಚೆಲ್ಲುವುದು, ಹೊಗೆ ಹಾಕುವುದು, ಕೋಲಲ್ಲಿ ತಿವಿಯುವುದು ಯಾವುದೂ ಬೇಡ. ಕೊಲ್ಲಲು ಹೋಗಬೇಡಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಅನ್ನುವುದು ಹಾಗಿರಲಿ, ಹೊಡೆಯುವಷ್ಟು ಹತ್ತಿರ ಹೋದರೆ ಅದಕ್ಕೂ ಕಚ್ಚುವಷ್ಟು ಹತ್ತಿರವೇ.

ಹಿಡಿಯಲು ಬಂದವರನ್ನೂ ಗಮನಿಸಿ. ಕೊಕ್ಕೆ, ಚೀಲ ಬಳಸಿ ಹತ್ತು ನಿಮಿಷದಲ್ಲಿ ಮುಗಿಸಿ ಹೊರಡುವವರು ಒಳ್ಳೆಯವರು. ಹೆಡೆಗೆ ಮುತ್ತಿಡುವವರು, ಮಕ್ಕಳ ಕೈಗೆ ಬಾಲ ಕೊಟ್ಟು ವಿಡಿಯೋ ಮಾಡುವವರು ಬಂದರೆ ಮುಂದಿನ ಸಲ ಕರೆಯಬೇಡಿ. ಹಾವು ಹೋದ ಮೇಲೆ ಹಂತ 1ಕ್ಕೆ ವಾಪಸ್.

## ಹಂತ 7: ಕಚ್ಚಿದರೆ

ಈ ಹಂತವನ್ನು ಮನೆಯವರೆಲ್ಲ ಈಗಲೇ ಒಮ್ಮೆ ಓದಿಕೊಳ್ಳಿ, ಆವತ್ತು ಓದಲು ಸಮಯ ಇರುವುದಿಲ್ಲ. ಮಳೆಗಾಲದಲ್ಲಿ ಹಳ್ಳ ದಾಟುವ ಕಾಲುಸಂಕ ಮುಳುಗಿದರೆ ಯಾವ ದಾರಿ, ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ಯಾರ ಜೀಪು, ಇವನ್ನು ಮೇ ತಿಂಗಳಲ್ಲೇ ತೀರ್ಮಾನ ಮಾಡಿ. ಹಾವಿನ ವಿಷದ ಮದ್ದು ಯಾವ ಆಸ್ಪತ್ರೆಯಲ್ಲಿದೆ, ಉಸಿರಾಟದ ಯಂತ್ರ ಎಲ್ಲಿದೆ ಅಂತಲೂ ವಿಚಾರಿಸಿ. ತಾಲೂಕು ಆಸ್ಪತ್ರೆ ಹತ್ತಿರವೋ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಕ್ರಿಮ್ಸ್ ಹತ್ತಿರವೋ ಎನ್ನುವುದು ಊರಿನ ಮೇಲೆ ಹೋಗುತ್ತದೆ.

ಮೊದಲು ಹಾವಿನಿಂದ ದೂರ ಬಂದು ಕೂರಿಸಿ. ಓಡಬಾರದು, ನಡೆಯಲೂಬಾರದು. ಉಂಗುರ, ಬಳೆ, ಕಾಲುಂಗುರ, ಗೆಜ್ಜೆ ತಕ್ಷಣ ಬಿಚ್ಚಿ, ಬಾವು ಬಂದ ಮೇಲೆ ಬರುವುದಿಲ್ಲ. ಕಚ್ಚಿದ ಕೈ ಅಥವಾ ಕಾಲು ಅಲ್ಲಾಡದ ಹಾಗೆ ಮಾಡಿ. ದಬ್ಬೆ ತುಂಡು ಅಥವಾ ಒಣಗಿದ ಅಗಲ ಅಡಿಕೆ ಹಾಳೆಯನ್ನು ಕಾಲಿನ ಅಡಿಗೆ ಕೊಟ್ಟು ಪಂಚೆಯಿಂದ ಸಡಿಲವಾಗಿ ಸುತ್ತಿ. ಬೆರಳು ತೂರುವಷ್ಟು ಸಡಿಲ ಇರಬೇಕು. 108ಕ್ಕೆ ಫೋನ್ ಮಾಡಿ. ಅದು ತಡವಾಗುವುದಾದರೆ ಸಿಕ್ಕ ಗಾಡಿಯಲ್ಲಿ ಹೊರಡಿ. ಬೈಕ್ ಒಂದೇ ಇದ್ದರೆ ಕಚ್ಚಿಸಿಕೊಂಡವರನ್ನು ನಡುವೆ ಕೂರಿಸಿ, ಹಿಂದೆ ಒಬ್ಬರು ಹಿಡಿದುಕೊಳ್ಳಲಿ.

ಬಿಗಿಯಾಗಿ ಹಗ್ಗ ಕಟ್ಟಬೇಡಿ, ರಕ್ತ ಓಡದೆ ಕೈಕಾಲೇ ಹೋಗಬಹುದು. ಕೊಯ್ಯಬೇಡಿ, ಹೀರಬೇಡಿ, ಐಸ್ ಇಡಬೇಡಿ, ಸಾರಾಯಿ ಕೊಡಬೇಡಿ. ನಾಟಿ ಔಷಧಿಯ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಹೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ, ಆದರೂ ಹೇಳುತ್ತೇನೆ. ಬೇರೆ ಕಾಯಿಲೆಗೆ ಹೋಗಿ, ಇದಕ್ಕೆ ಬೇಡ. ವಿಷ ಬಿಡದ ಕಡಿತಗಳೂ ಇರುತ್ತವೆ. ಬೇರು ಅರೆದು ಕೊಟ್ಟು ಗುಣವಾಯಿತು ಅನ್ನುವ ಕಥೆಗಳ ಹಿಂದೆ ಅವು ಎಷ್ಟೋ ಇವೆ.

ದಾರಿಯಲ್ಲಿ ನೋಡಬೇಕಾದ ಲಕ್ಷಣಗಳು: ರೆಪ್ಪೆ ಜೋತು ಬೀಳುವುದು, ಎರಡೆರಡು ಕಾಣುವುದು, ಮಾತು ತೊದಲುವುದು, ಜೊಲ್ಲು, ಒಸಡಿನಲ್ಲಿ ರಕ್ತ, ಮೂತ್ರ ಕಪ್ಪಾಗುವುದು. ಬಾವಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಗಂಟೆ ಬರೆಯಿರಿ. ವಾಂತಿ ಬಂದರೆ ಎಡಮಗ್ಗುಲಿಗೆ ಮಲಗಿಸಿ. ರಾತ್ರಿ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದು, ಕಣ್ಣು ಬಿಡಲಾಗದೆ ಒದ್ದಾಡಿದರೆ ಗ್ಯಾಸ್ ಅಂತ ಕಷಾಯ ಕೊಡುತ್ತಾ ಕೂರಬೇಡಿ. ಕಟ್ಟುಹಾವು ಕಚ್ಚಿರಬಹುದು.

ಹಾವನ್ನು ಕೊಂದು ತರುವುದು ಬೇಡ, ಫೋಟೋ ಇದ್ದರೆ ತೋರಿಸಿ. ವೈದ್ಯರು ಕೂಡಲೇ ಮದ್ದು ಏರಿಸದೆ ರಕ್ತ ಹೆಪ್ಪುಗಟ್ಟುವುದನ್ನು 20 ನಿಮಿಷ ನೋಡಿದರೆ ಜಗಳ ತೆಗೆಯಬೇಡಿ. ವಿಷದ ಲಕ್ಷಣ ಕಂಡರೆ ಮಾತ್ರ ಆ ಮದ್ದು ಕೊಡುವುದು, ಅದು ಕೆಲವರಿಗೆ ಅಲರ್ಜಿಯಾಗುತ್ತದೆ. ನಮ್ಮಲ್ಲಿ ಸಿಗುವ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಕುಳಿಮಂಡಲಕ್ಕೆ ಅದು ನಾಟುವುದಿಲ್ಲ. ಅದಕ್ಕೇ ಫೋಟೋ ಮುಖ್ಯ. ಲಕ್ಷಣ ಇಲ್ಲದಿದ್ದರೂ 24 ಗಂಟೆ ಆಸ್ಪತ್ರೆಯಲ್ಲೇ ಇರಿ. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಹಾಗಾಗಿ ಕೇಸ್ ಪೇಪರಿನಲ್ಲಿ ಹಾವು ಕಡಿತ ಅಂತ ಬರೆದಿದೆಯಾ ನೋಡಿಕೊಳ್ಳಿ.

## ಹಂತ 8: ಉಳಿದ ಪ್ರಾಣಿಗಳಿಗೆ ಮಾಡಬೇಕಾದ್ದು

ಹಂತ 1 ಮತ್ತು 2 ಸರಿಯಾಗಿ ಮಾಡಿದ್ದರೆ ಅರ್ಧ ಕೆಲಸ ಆಗಿಹೋಗಿದೆ. ಉಳಿದದ್ದು ಚುಟುಕಾಗಿ.

ಹಂದಿಗೆ ಅಂತ ಬೇಲಿಗೆ ಮನೆಯ ಕರೆಂಟು ಕೊಡಬೇಡಿ. ಅದು ಅಪರಾಧ, ಸಾಯುವುದು ಪಕ್ಕದ ಮನೆಯವರೂ ಆಗಬಹುದು. ಸೋಲಾರ್ ಬೇಲಿ ಬಿಟ್ಟುಬಿಟ್ಟು ಹೊಡೆಯುವ ಸಣ್ಣ ಶಾಕ್ ಕೊಡುತ್ತದೆ, ಕೊಲ್ಲುವುದಿಲ್ಲ. ಕೆಳಗಿನ ತಂತಿಗೆ ಹುಲ್ಲು ತಾಗದ ಹಾಗೆ ಸವರುತ್ತಿರಬೇಕು.

ಚಿರತೆ ಓಡಾಡುವ ಕಡೆ ನಾಯಿಯನ್ನು ಜಗಲಿಗೆ ಕಟ್ಟಿ ಮಲಗಬೇಡಿ, ಬಾಗಿಲಿರುವ ಗೂಡಿನಲ್ಲಿ ಹಾಕಿ. ಕಾಡುಕೋಣ ದಾರಿಗೆ ಅಡ್ಡ ನಿಂತರೆ ಹಾರ್ನ್ ಹೊಡೆಯದೆ, ಲೈಟ್ ಡಿಮ್ ಮಾಡಿ ಕಾಯಿರಿ.

ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ. ಆಶಾ ಕಾರ್ಯಕರ್ತೆಗೆ ಅಥವಾ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಡಿಸೆಂಬರಿನಿಂದ ಮೇ ತನಕ ಜಾಸ್ತಿ. ನಾವು ದರಕು ತರಲು ಬೆಟ್ಟಕ್ಕೆ ಹೋಗುವುದೂ ಅದೇ ತಿಂಗಳುಗಳಲ್ಲಿ. ಉಣುಗು ಕಚ್ಚದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಆಮೇಲೆ ಜ್ವರ ಬಂದರೆ ಬೆಟ್ಟಕ್ಕೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ತೋಟದ ಬಾವಿಗೆ ಮೂರಡಿ ಕಟ್ಟೆ ಕಟ್ಟಿಸಿ. ಕಟ್ಟೆಯಿಲ್ಲದ ಹೊಂಡವಿದ್ದರೆ ದಡದಿಂದ ನೀರಿನವರೆಗೆ ಒಂದು ಒರಟು ಮರದ ಕಂಬವನ್ನು ಓರೆಯಾಗಿ ಇಳಿಬಿಡಿ. ಬಿದ್ದ ಕಬ್ಬೆಕ್ಕು, ಉಡ, ಹಾವು ಅದನ್ನು ಹಿಡಿದು ಮೇಲೆ ಬರುತ್ತವೆ. ಅಡಿಕೆ ಮರದ ಕಂಬವಾದರೆ ಪ್ರತಿ ವರ್ಷ ಬದಲಿಸಿ, ಒಂದು ಮಳೆಗಾಲಕ್ಕೇ ಕೊಳೆತುಹೋಗುತ್ತದೆ.